ಅಂಡಾಶಯದ ಗೆಡ್ಡೆ ಮತ್ತು ಹಾರ್ಮೋನ್: ನಿಮ್ಮ ಪ್ರಯೋಗಕ್ಕೆ ಯಾವ ಸೆಲ್ ಲೈನ್?

"ಮೇಡಂ, ಅಂಡಾಶಯದ ಕ್ಯಾನ್ಸರ್ ಕೋಶಗಳ ಮೇಲೆ ಈಸ್ಟ್ರೋಜನ್ ಏನು ಮಾಡುತ್ತೆ ಅಂತ ನೋಡ್ಬೇಕು."

"ಮಾಡು. ಫ್ರೀಜರ್‌ನಲ್ಲಿ ಸ್ಕೋವ್-3 ಇದೆ ಅಲ್ವಾ, ಅದನ್ನೇ ತೆಗಿ."

ಎಂಎಸ್ಸಿ ಪ್ರಾಜೆಕ್ಟ್ ಆಗಲಿ, ಪಿಎಚ್‌ಡಿ ಆಗಲಿ, ಎಷ್ಟೋ ಲ್ಯಾಬ್‌ಗಳಲ್ಲಿ ಸೆಲ್ ಲೈನ್ (ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಬೆಳೆಸುತ್ತಾ ಬರುವ ಒಂದೇ ಮೂಲದ ಕೋಶಗಳು) ಆಯ್ಕೆ ಆಗುವುದು ಹೀಗೆ. ನನ್ನದೂ ಹೀಗೇ ಆಗಿತ್ತು. ಆರು ತಿಂಗಳಾದ ಮೇಲೆ ಕೈಯಲ್ಲಿ ಉಳಿದಿದ್ದು ಏರೂ ಇಲ್ಲದ, ಇಳಿತವೂ ಇಲ್ಲದ ಒಂದು ಗ್ರಾಫ್. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಆ ಕೋಶಕ್ಕೆ ಈಸ್ಟ್ರೋಜನ್ ಕೊಟ್ಟರೆ ಅದು ಕೇಳಿಸಿಕೊಳ್ಳುವುದೇ ಇಲ್ಲ ಅಂತ. ನಿಮ್ಮ ಆರು ತಿಂಗಳು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದು ಇದನ್ನು ಓದುತ್ತಿದ್ದರೆ, ಮಾತ್ರೆ ಆರಿಸಲು ಇದನ್ನು ಬಳಸಬೇಡಿ. ಪ್ಲೇಟಿನಲ್ಲಿ ಬೆಳೆದ ಕೋಶವೇ ಬೇರೆ, ಮನುಷ್ಯರೇ ಬೇರೆ.

ಮೊದಲು ಗೆಡ್ಡೆ ಯಾವುದು ಅಂತ ಹೇಳಿ

"ಅಂಡಾಶಯದ ಕ್ಯಾನ್ಸರ್" ಅನ್ನೋದು ಒಂದೇ ಕಾಯಿಲೆಯ ಹೆಸರಲ್ಲ. ಜಾಸ್ತಿ ಕಾಣಿಸುವುದು ಹೈ ಗ್ರೇಡ್ ಸೀರಸ್. ಜೊತೆಗೆ ಲೋ ಗ್ರೇಡ್ ಸೀರಸ್, ಎಂಡೋಮೆಟ್ರಿಯಾಯ್ಡ್, ಕ್ಲಿಯರ್ ಸೆಲ್, ಮ್ಯೂಸಿನಸ್ ಇವೆ. ಇವೆಲ್ಲ ಹೊರಪದರದ ಜಾತಿಯವು. ಗ್ರಾನ್ಯುಲೋಸಾ ಗೆಡ್ಡೆಗಳ ಮನೆತನವೇ ಬೇರೆ. ಮೊಟ್ಟೆಯ ಸುತ್ತ ಇದ್ದು ಹಾರ್ಮೋನ್ ತಯಾರಿಸುವ ಕೋಶಗಳಿಂದಲೇ ಅವು ಹುಟ್ಟುತ್ತವೆ. ಜರ್ಮ್ ಸೆಲ್ ಗೆಡ್ಡೆಗಳದ್ದು ಮೂರನೇ ಕುಲ.

ಹಾರ್ಮೋನ್ ರಿಸೆಪ್ಟರ್ (ಹಾರ್ಮೋನ್ ಬಂದು ಕೂರುವ, ಅದರ ಸಂದೇಶವನ್ನು ಕೋಶಕ್ಕೆ ಮುಟ್ಟಿಸುವ ಪ್ರೋಟೀನ್) ವಿಷಯದಲ್ಲಿ ಇವುಗಳ ನಡುವೆ ಅಜಗಜಾಂತರ. 2013ರಲ್ಲಿ ಸುಮಾರು ಮೂರು ಸಾವಿರ ಮಹಿಳೆಯರ ಗೆಡ್ಡೆಗಳನ್ನು ಒಟ್ಟಿಗೆ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಹೈ ಗ್ರೇಡ್ ಸೀರಸ್ ಗೆಡ್ಡೆಗಳಲ್ಲಿ ಐದರಲ್ಲಿ ನಾಲ್ಕರಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇತ್ತು. ಕ್ಲಿಯರ್ ಸೆಲ್ ಮತ್ತು ಮ್ಯೂಸಿನಸ್‌ನಲ್ಲಿ ಐದರಲ್ಲಿ ಒಂದರಲ್ಲಿ ಮಾತ್ರ. ಪ್ರೊಜೆಸ್ಟರಾನ್ ರಿಸೆಪ್ಟರ್ ಎಂಡೋಮೆಟ್ರಿಯಾಯ್ಡ್‌ನಲ್ಲಿ ಮೂರರಲ್ಲಿ ಎರಡು ಪಾಲು ಗೆಡ್ಡೆಗಳಲ್ಲಿದ್ದರೆ, ಹೈ ಗ್ರೇಡ್ ಸೀರಸ್‌ನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ.

ಈ ಲೆಕ್ಕ ನೋಡಿ "ಹಾಗಾದ್ರೆ ಹೈ ಗ್ರೇಡ್‌ಗೆ ಹಾರ್ಮೋನ್ ತಡೆಯುವ ಮದ್ದು ಚೆನ್ನಾಗಿ ಹಿಡಿಯಬೇಕಲ್ವಾ?" ಅನ್ನಿಸುವುದು ಸಹಜ. ಅಷ್ಟಾಗಿ ಹಿಡಿಯುವುದಿಲ್ಲ. ಲೋ ಗ್ರೇಡ್ ಸೀರಸ್‌ನಲ್ಲಿ ಕತೆ ಬೇರೆ. 2017ರಲ್ಲಿ 203 ರೋಗಿಗಳ ಹಳೆಯ ದಾಖಲೆ ತೆಗೆದು ನೋಡಿದಾಗ, ಕೀಮೋ ನಂತರ ಹಾರ್ಮೋನ್ ಚಿಕಿತ್ಸೆ ಮುಂದುವರಿಸಿದವರಲ್ಲಿ ಕಾಯಿಲೆ ಮತ್ತೆ ಬೆಳೆಯದೆ ಇದ್ದ ಅವಧಿ ಸುಮಾರು 65 ತಿಂಗಳು. ಸುಮ್ಮನೆ ಗಮನಿಸುತ್ತಾ ಇದ್ದವರಲ್ಲಿ ಸುಮಾರು 26 ತಿಂಗಳು. ಎರಡೂ ಗೆಡ್ಡೆಯಲ್ಲಿ ರಿಸೆಪ್ಟರ್ ಇದೆ, ಆದರೆ ಮದ್ದಿಗೆ ಬಗ್ಗುವುದು ಒಂದೇ.

ಹಾಗಾಗಿ ನನ್ನ ಲೆಕ್ಕದಲ್ಲಿ ಸೆಲ್ ಲೈನ್ ಆರಿಸುವಾಗ ಕೇಳಬೇಕಾದ ಪ್ರಶ್ನೆ "ರಿಸೆಪ್ಟರ್ ಇದೆಯಾ?" ಅಂತಲ್ಲ, "ಇರುವ ರಿಸೆಪ್ಟರ್ ಕೆಲಸ ಮಾಡುತ್ತಾ?" ಅಂತ. ಬಾಗಿಲಿಗೆ ಗಂಟೆ ಇದ್ದರೆ ಸಾಲದು, ಒತ್ತಿದರೆ ಬಾರಿಸಬೇಕು.

ಸ್ಕೋವ್-3

ಎಲ್ಲರ ಫ್ರೀಜರ್‌ನಲ್ಲೂ ಇರುವ ಸೀಸೆ. 1973ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟ್ಟರಿಂಗ್‌ನಲ್ಲಿ, 64 ವರ್ಷದ ರೋಗಿಯೊಬ್ಬರ ಹೊಟ್ಟೆಯಲ್ಲಿ ತುಂಬಿದ್ದ ನೀರಿನಿಂದ ಬೆಳೆಸಿದ್ದು. ಸಾಕುವುದು ಸುಲಭ. ಕೋಶಗಳನ್ನು ಪ್ಲೇಟಿನಿಂದ ಬಿಡಿಸುವ ಟ್ರಿಪ್ಸಿನ್ ಅನ್ನು ಹೊಸಬರು ಜಾಸ್ತಿ ಹೊತ್ತು ಬಿಟ್ಟರೂ ಸಾಯುವುದಿಲ್ಲ, ಅಷ್ಟು ಗಟ್ಟಿ ಜೀವ.

ಈಸ್ಟ್ರೋಜನ್ ಪ್ರಯೋಗಕ್ಕೆ ಮಾತ್ರ ಇದು ಬೇಡ. ಇದರ ಇಆರ್ ಆಲ್ಫಾ (ಈಸ್ಟ್ರೋಜನ್ ರಿಸೆಪ್ಟರ್‌ನ ಮುಖ್ಯ ರೂಪ) ಆರ್‌ಎನ್‌ಎಯ ಮೊದಲ ಎಕ್ಸಾನ್‌ನಲ್ಲಿ, ಅಂದರೆ ಮೊದಲ ತುಂಡಿನಲ್ಲಿ, 32 ಅಕ್ಷರ ಬಿಟ್ಟುಹೋಗಿವೆ. ಕೋಶ ಈ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ. 32 ಮೂರರಿಂದ ಭಾಗವಾಗುವುದಿಲ್ಲ. ಅಲ್ಲಿಂದ ಮುಂದಿನ ಓದು ಪೂರ್ತಿ ಹಳಿ ತಪ್ಪಿತು. ನಿಮ್ಮ ಪಿಸಿಆರ್ ಪ್ರೈಮರ್ ಜೀನ್‌ನ ಬೇರೆ ಕಡೆ ಕೂತಿದ್ದರೆ ಬ್ಯಾಂಡ್ ಚೆನ್ನಾಗಿ ಬರುತ್ತದೆ, "ಇಆರ್ ಪಾಸಿಟಿವ್" ಅಂತ ಬರೆದುಕೊಳ್ಳುತ್ತೀರಿ. ಆಮೇಲೆ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) ಹಾಕಿದರೆ ಬೆಳವಣಿಗೆ ಅಲುಗಾಡುವುದಿಲ್ಲ. ನನ್ನ ಆ ಗ್ರಾಫ್‌ನ ಗುಟ್ಟು ಇದೇ.

ಇನ್ನೊಂದು ತೊಡಕಿದೆ. 2013ರಲ್ಲೇ 47 ಅಂಡಾಶಯ ಸೆಲ್ ಲೈನ್‌ಗಳ ಜೀನ್‌ಗಳನ್ನು ನಿಜವಾದ ಹೈ ಗ್ರೇಡ್ ಸೀರಸ್ ಗೆಡ್ಡೆಗಳ ಜೊತೆ ಹೋಲಿಸಿ ನೋಡಿದರು. ಜನ ಅತಿ ಹೆಚ್ಚು ಬಳಸುವ ಸ್ಕೋವ್-3 ಮತ್ತು ಎ2780 ಎರಡೂ ನಿಜವಾದ ಗೆಡ್ಡೆಗೆ ಹೋಲುವುದರಲ್ಲಿ ಹಿಂದೆ ಬಿದ್ದವು. ಯಾರೂ ಅಷ್ಟಾಗಿ ಮುಟ್ಟದ ಕುರಮೋಚಿ, ಓವ್‌ಸಾಹೋ ಮುಂದೆ ಬಂದವು.

ಹಾಗಂತ ಸ್ಕೋವ್-3 ಬಿಸಾಡಬೇಡಿ. ಇಆರ್ ಆಲ್ಫಾ ಕೆಲಸ ಮಾಡದ ಕೋಶ ಬೇಕಾದಾಗ ಅದು ಬಂಗಾರ. ನೀವು ಹೊರಗಿನಿಂದ ಸರಿಯಾದ ರಿಸೆಪ್ಟರ್ ಜೀನ್ ತುಂಬಿ, ಮೊದಲು ಮತ್ತು ನಂತರ ಹೋಲಿಸಬಹುದು.

ಓವ್‌ಕಾರ್-3

ಇದನ್ನು ಪರಿಚಯಿಸಿದ 1983ರ ಪ್ರಬಂಧದ ಶೀರ್ಷಿಕೆಯಲ್ಲೇ ಆಂಡ್ರೋಜನ್ (ಟೆಸ್ಟೋಸ್ಟೀರಾನ್‌ನಂಥ ಹಾರ್ಮೋನ್) ಮತ್ತು ಈಸ್ಟ್ರೋಜನ್ ರಿಸೆಪ್ಟರ್ ಇರುವ ವಿಷಯ ಬಂದಿದೆ. 60 ವರ್ಷದ ರೋಗಿ, ಸಿಸ್‌ಪ್ಲಾಟಿನ್ ಸೇರಿದಂತೆ ಕೀಮೋ ಆದ ಮೇಲೂ ಬೆಳೆದ ಕ್ಯಾನ್ಸರ್. ಪಿ53 ಜೀನ್ ಕೆಟ್ಟಿದೆ, ಹೈ ಗ್ರೇಡ್ ಸೀರಸ್‌ಗೆ ಸ್ಕೋವ್-3ಕ್ಕಿಂತ ಹತ್ತಿರ. ಆಂಡ್ರೋಜನ್ ನಿಮ್ಮ ವಿಷಯವಾದರೆ ಇಲ್ಲಿಂದ ಶುರು ಮಾಡಬಹುದು.

ತೊಂದರೆ ಇರುವುದು ಅಡುಗೆಯಲ್ಲಿ. ಇದಕ್ಕೆ ಹೇಳುವ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) 20 ಶೇಕಡಾ ಸೀರಮ್, ಜೊತೆಗೆ ಇನ್ಸುಲಿನ್. ಇನ್ಸುಲಿನ್ ತಾನೇ ಕೋಶವನ್ನು ಬೆಳೆಸುವ ಹಾರ್ಮೋನ್. ಹಬ್ಬದ ಊಟ ಮುಗಿಸಿದವರಿಗೆ ಬಾಳೆಹಣ್ಣು ಕೊಟ್ಟು "ಹಸಿವು ಹೋಯ್ತಾ?" ಅಂತ ಕೇಳಿದ ಹಾಗೆ ಆಗುತ್ತದೆ. ಇನ್ಸುಲಿನ್ ತೆಗೆದು, ಸೀರಮ್ ಇಳಿಸಿ ನೋಡಬೇಕು. ಆಗಲೂ ಈಸ್ಟ್ರೋಜನ್‌ಗೆ ಬರುವ ಉತ್ತರ ಒಂದೊಂದು ಲ್ಯಾಬ್‌ನಲ್ಲಿ ಒಂದೊಂದು ಥರ.

ಪಿಇಓ ಕುಟುಂಬ

ಈಸ್ಟ್ರೋಜನ್ ನಿಮ್ಮ ಮುಖ್ಯ ಪ್ರಶ್ನೆಯಾದರೆ ನನ್ನ ಮತ ಇದಕ್ಕೇ. ಸ್ಕಾಟ್ಲೆಂಡ್‌ನ ಎಡಿನ್‌ಬರಾದಲ್ಲಿ ಸೈಮನ್ ಲ್ಯಾಂಗ್ಡನ್ ಮತ್ತು ಜೊತೆಗಾರರು 1988ರಲ್ಲಿ ಇವನ್ನು ವಿವರಿಸಿದರು. ಪಿಇಓ1, ಪಿಇಓ4, ಪಿಇಓ6 ಮೂರೂ ಒಬ್ಬರೇ ರೋಗಿಯಿಂದ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದವು. ಪಿಇಓ1 ತೆಗೆದಾಗ ಪ್ಲಾಟಿನಂ ಮದ್ದು ಇನ್ನೂ ಹಿಡಿಯುತ್ತಿತ್ತು. ಪಿಇಓ4ರ ಹೊತ್ತಿಗೆ ಹಿಡಿಯುವುದು ನಿಂತಿತ್ತು. ಪಿಇಓ1ರಲ್ಲಿ ಬಿಆರ್‌ಸಿಎ2 ಜೀನ್ ಮುರಿದಿದೆ, ಪಿಇಓ4ರಲ್ಲಿ ಅದು ಮತ್ತೆ ರಿಪೇರಿಯಾಗಿದೆ.

ನಮಗೆ ಬೇಕಾದ ಸಂಗತಿ ಏನೆಂದರೆ, ಪಿಇಓ1 ಮತ್ತು ಪಿಇಓ4 ಎರಡರಲ್ಲೂ ಇಆರ್ ಆಲ್ಫಾ ಇದೆ ಮತ್ತು ಗಂಟೆ ಬಾರಿಸುತ್ತದೆ. ಈಸ್ಟ್ರಡಯಾಲ್ ಕೊಟ್ಟರೆ ಬೆಳೆಯುತ್ತವೆ, ಈಸ್ಟ್ರೋಜನ್ ತಡೆಯುವ ಮದ್ದಾದ ಟಮಾಕ್ಸಿಫೆನ್ ಸೇರಿಸಿದರೆ ಆ ಬೆಳವಣಿಗೆ ತಗ್ಗುತ್ತದೆ. ಅದೇ ಎಡಿನ್‌ಬರಾದ ಇನ್ನೊಬ್ಬ ರೋಗಿಯಿಂದ ಬಂದ ಪಿಇಓ14ರಲ್ಲಿ ಇಆರ್ ಆಲ್ಫಾ ಇಲ್ಲ. ಪಿಇಓ4 ಒಂದು ಕಡೆ, ಪಿಇಓ14 ಒಂದು ಕಡೆ ಇಟ್ಟರೆ ನಿಮ್ಮ ಪ್ಲೇಟ್‌ನಲ್ಲೇ ಹೋಲಿಕೆ ಸಿದ್ಧ.

ಕಷ್ಟ ಅಂದರೆ ಸಿಗುವುದು. ಇವು ಇಂಗ್ಲೆಂಡಿನ ಸಂಗ್ರಹದಿಂದ ಬರಬೇಕು. ದುಡ್ಡು ಜಾಸ್ತಿ, ಆಮದು ಕಾಗದಪತ್ರದ ಓಡಾಟ ಬೇರೆ. ಬೆಳೆಯುವುದೂ ನಿಧಾನ. ಮೂರು ತಿಂಗಳ ಪ್ರಾಜೆಕ್ಟ್‌ಗೆ ಆಗುವ ಮಾತಲ್ಲ. ಪಿಎಚ್‌ಡಿಗಾದರೆ ಕಾದರೂ ತರಿಸಿ.

ಕೆಜಿಎನ್

ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು 2001ರಲ್ಲಿ ವಿವರಿಸಿದ ಲೈನ್. 63 ವರ್ಷದ ಮಹಿಳೆಯ ಮರುಕಳಿಸಿದ ಗ್ರಾನ್ಯುಲೋಸಾ ಗೆಡ್ಡೆಯಿಂದ ಬಂದದ್ದು. ವಯಸ್ಕರ ಗ್ರಾನ್ಯುಲೋಸಾ ಗೆಡ್ಡೆಗಳಲ್ಲಿ 97 ಶೇಕಡಾದಲ್ಲಿ ಫಾಕ್ಸ್‌ಎಲ್2 ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಕೆಜಿಎನ್‌ನಲ್ಲೂ ಅದೇ ಬದಲಾವಣೆ ಇದೆ. ಅಂದರೆ ಗುರುತಿನ ಚೀಟಿ ಸರಿ ಇದೆ.

ಈ ಕೋಶ ಅಂಡಾಶಯದಲ್ಲಿ ಮೊಟ್ಟೆಯನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನ್‌ಗೆ ಸ್ಪಂದಿಸುತ್ತದೆ. ಆರೋಮಟೇಸ್ ಕಿಣ್ವ ಇಟ್ಟುಕೊಂಡು ಆಂಡ್ರೋಜನ್‌ನಿಂದ ತಾನೇ ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ. ಲೆಟ್ರೊಜೋಲ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಕಷ್ಟ. ಲೆಟ್ರೊಜೋಲ್ ತಡೆಯುವುದೇ ಆರೋಮಟೇಸ್ ಅನ್ನು. ಆರೋಮಟೇಸ್ ಇಲ್ಲದ ಕೋಶಕ್ಕೆ, ಹಾರ್ಮೋನ್ ತೆಗೆದ ಸೀರಮ್‌ನಲ್ಲಿ ಲೆಟ್ರೊಜೋಲ್ ಹಾಕುವವರನ್ನು ನೋಡಿದ್ದೇನೆ. ತಡೆಯಲು ಅಲ್ಲಿ ಏನೂ ಇರುವುದಿಲ್ಲ. ಕೆಜಿಎನ್‌ಗೂ ಆಂಡ್ರೋಸ್ಟೀನ್‌ಡಯೋನ್‌ನಂಥ ಕಚ್ಚಾ ಸರಕು ನೀವೇ ಕೊಡಬೇಕು.

ಇದೇ ಗುಣ ಇನ್ನೊಂದು ಕಡೆ ಕಾಲೆಳೆಯುತ್ತದೆ. ಆಂಡ್ರೋಜನ್ ಪರಿಣಾಮ ನೋಡಲು ಟೆಸ್ಟೋಸ್ಟೀರಾನ್ ಹಾಕಿದರೆ, ಅದು ಈಸ್ಟ್ರೋಜನ್ ಆಗಿಬಿಡುತ್ತದೆ. ಯಾವುದರ ಪರಿಣಾಮ ಅಂತ ಹೇಗೆ ಹೇಳುತ್ತೀರಿ? ಡಿಎಚ್‌ಟಿ ಎಂಬ ಇನ್ನೊಂದು ಆಂಡ್ರೋಜನ್ ಬಳಸಿ. ಅದನ್ನು ಆರೋಮಟೇಸ್ ಬದಲಿಸಲಾರದು.

ಹೆಸರು ನಂಬಿ ಮೋಸ ಹೋಗುವ ಲೈನ್‌ಗಳು

ಬಿಜಿ-1 ಕತೆ ಕೇಳಿ. ದಶಕಗಳ ಕಾಲ ಇದನ್ನು "ಈಸ್ಟ್ರೋಜನ್‌ಗೆ ಚೆನ್ನಾಗಿ ಸ್ಪಂದಿಸುವ ಅಂಡಾಶಯ ಕೋಶ" ಅಂತ ಬಳಸಿದರು. ರಾಸಾಯನಿಕಗಳಲ್ಲಿ ಈಸ್ಟ್ರೋಜನ್ ಗುಣ ಇದೆಯಾ ಅಂತ ನೋಡುವ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನದಲ್ಲೂ ಇದೇ ಹೆಸರಿನ ಕೋಶ ಕೂತಿತ್ತು. 2014ರಲ್ಲಿ ಡಿಎನ್‌ಎ ಗುರುತು ತೆಗೆದರೆ, ಹಂಚಿಕೆಯಲ್ಲಿದ್ದ ಒಂದು ಬಿಜಿ-1 ವಾಸ್ತವದಲ್ಲಿ ಎಂಸಿಎಫ್-7. ಅಂದರೆ ಸ್ತನ ಕ್ಯಾನ್ಸರ್ ಕೋಶ! ಈಸ್ಟ್ರೋಜನ್‌ಗೆ ಅಷ್ಟು ಚೆನ್ನಾಗಿ ಕುಣಿಯುತ್ತಿತ್ತು ಅಂದರೆ ಸುಮ್ನೆ ಅಲ್ಲ. ಪರೀಕ್ಷಾ ವಿಧಾನದಲ್ಲಿ ಆ ಕೋಶದ ಹೆಸರನ್ನೇ ಬದಲಿಸಬೇಕಾಯಿತು. ಬೇರೊಂದು ಲ್ಯಾಬ್‌ನಲ್ಲಿದ್ದ ಬಿಜಿ-1 ಮಾತ್ರ ಬೇರೆಯೇ ಕೋಶ ಎಂದು ತಿಳಿಯಿತು. ಹಳೆಯ ಪ್ರಬಂಧ ಓದುವಾಗ ಯಾವ ಬಿಜಿ-1 ಅಂತ ಕೇಳಬೇಕು.

ಇದರ ಉಲ್ಟಾ ಕೂಡ ನಡೆದಿದೆ. ಮದ್ದಿಗೆ ಬಗ್ಗದ ಎಂಸಿಎಫ್-7 ಅಂತ ವರ್ಷಗಟ್ಟಲೆ ಬಳಸಿದ ಒಂದು ಲೈನ್ ಕೊನೆಗೆ ಓವ್‌ಕಾರ್-8, ಅಂದರೆ ಅಂಡಾಶಯದ್ದು ಅಂತ ಹೊರಬಿತ್ತು. ಅತ್ತಲ ಮನೆ ಮಗು ಇತ್ತ, ಇತ್ತಲಿನದು ಅತ್ತ.

ಸಿಓವಿ434 ಅನ್ನು ಗ್ರಾನ್ಯುಲೋಸಾ ಲೈನ್ ಅಂತ ಇವತ್ತಿಗೂ ಬಳಸುವವರಿದ್ದಾರೆ. 2021ರಲ್ಲಿ ಅದು ಗ್ರಾನ್ಯುಲೋಸಾ ಅಲ್ಲ, ಹದಿಹರೆಯದ ಹುಡುಗಿಯರಲ್ಲೂ ಯುವತಿಯರಲ್ಲೂ ಬರುವ ಅಪರೂಪದ ಸ್ಮಾಲ್ ಸೆಲ್ ಕ್ಯಾನ್ಸರ್ ಎಂದು ತೋರಿಸಿದರು. ಹಾಗಾಗಿ ಹಾರ್ಮೋನ್ ತಯಾರಿಕೆಯ ಪ್ರಶ್ನೆಗೆ ಕೆಜಿಎನ್ ಹಿಡಿಯಿರಿ.

ಇನ್ನು ಪಿಎ-1. ನಮ್ಮ ಕಡೆ ಗಿಡಮೂಲಿಕೆ ಸಾರದ ಪ್ರಬಂಧಗಳಲ್ಲಿ ಇದು ಬಹಳ. "ಅಂಡಾಶಯದ ಕ್ಯಾನ್ಸರ್ ಕೋಶ" ಅಂತ ಬರೆದಿರುತ್ತಾರೆ. ಸುಳ್ಳಲ್ಲ. ಆದರೆ ಅದು 12 ವರ್ಷದ ಹುಡುಗಿಯ ಟೆರಾಟೋಕಾರ್ಸಿನೋಮ, ಜರ್ಮ್ ಸೆಲ್ ಜಾತಿ. ಅದರಲ್ಲಿ ಕಂಡದ್ದನ್ನು ಅರವತ್ತು ವರ್ಷದವರ ಸೀರಸ್ ಕ್ಯಾನ್ಸರ್‌ಗೆ ಅನ್ವಯಿಸುವುದು ಯಾವ ನ್ಯಾಯ?

ಪುಣೆಯ ಎನ್‌ಸಿಸಿಎಸ್ ಕೋಶ ಸಂಗ್ರಹದಿಂದ ತರಿಸಿ, ವಿದೇಶದಿಂದ ತರಿಸಿ, ಪಕ್ಕದ ಲ್ಯಾಬ್‌ನ ಗೆಳತಿ ಕೊಟ್ಟ ಫ್ಲಾಸ್ಕ್ ಆಗಿರಲಿ, ಎಸ್‌ಟಿಆರ್ ಗುರುತು (ಡಿಎನ್‌ಎ ನೋಡಿ ಕೋಶ ಯಾವುದು ಅಂತ ಹೇಳುವ ಪರೀಕ್ಷೆ) ಒಮ್ಮೆ ಮಾಡಿಸಿ. ಗೆಳತಿ ಕೊಟ್ಟದ್ದಾದರೆ ಎರಡು ಸಲ. ಸೆಲ್ಲೋಸಾರಸ್ ಅನ್ನೋ ಉಚಿತ ಆನ್‌ಲೈನ್ ಡೇಟಾಬೇಸ್‌ನಲ್ಲಿ ಲೈನ್‌ನ ಹೆಸರು ಹಾಕಿದರೆ ಅದರ ಜಾತಕ, ದೋಷ ಎರಡೂ ಸಿಗುತ್ತವೆ. ಐದು ನಿಮಿಷದ ಕೆಲಸ.

ಲೈನ್ ಸರಿ, ಮೀಡಿಯಾ ತಪ್ಪು

ಇದು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಕೋವ್-3 ಬಿಟ್ಟು ಈಸ್ಟ್ರೋಜನ್‌ಗೆ ಸ್ಪಂದಿಸುವ ಕೋಶ ಕೈಗೆ ಬಂದ ಮೇಲೆ ನಾನು 96 ಬಾವಿಯ ಪ್ಲೇಟ್ ಹಾಕಿದೆ. ಅರ್ಧಕ್ಕೆ ಈಸ್ಟ್ರಡಯಾಲ್, ಅರ್ಧಕ್ಕೆ ಅದನ್ನು ಕರಗಿಸುವ ಎಥನಾಲ್ ಮಾತ್ರ. ಆರನೇ ದಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಎರಡೂ ಕಡೆ ಕೋಶಗಳು ಒತ್ತೊತ್ತಾಗಿ ಹಾಸಿದಂತೆ ಬೆಳೆದಿವೆ. ಏನೂ ಕೊಡದ ಬಾವಿಗೂ ಕೊಟ್ಟ ಬಾವಿಗೂ ವ್ಯತ್ಯಾಸವೇ ಇಲ್ಲ. ಆ ಬಾವಿಗಳಲ್ಲಿ ಮೀಡಿಯಾ ಎಂದಿನಂತೆ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿತ್ತು.

ತಪ್ಪು ಆ ಗುಲಾಬಿಯಲ್ಲೇ ಇತ್ತು. ಮೀಡಿಯಾಗೆ ಬಣ್ಣ ಕೊಡುವ ಫೀನಾಲ್ ರೆಡ್ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ ಅಂತ 1986ರಲ್ಲೇ ತೋರಿಸಿದ್ದಾರೆ. ಮೂಲ ಕಾರಣ ಬಣ್ಣದ ಜೊತೆ ಬರುವ ಕಲ್ಮಶ ಅಂತ ಆಮೇಲೆ ತಿಳಿಯಿತು. ಜೊತೆಗೆ ಸೀರಮ್. ಕರುವಿನ ರಕ್ತದಿಂದ ಬಂದದ್ದು, ಅದರಲ್ಲಿ ಹಾರ್ಮೋನ್ ಇಲ್ಲದೆ ಇರುತ್ತಾ? ನಾನು "ಕೊಡದ" ಬಾವಿಗೂ ಕೊಡುತ್ತಲೇ ಇದ್ದೆ.

ಹಾಗಾಗಿ ಫೀನಾಲ್ ರೆಡ್ ಇಲ್ಲದ ಮೀಡಿಯಾ, ಇದ್ದಿಲಿನಿಂದ ಹಾರ್ಮೋನ್ ಹೀರಿ ತೆಗೆದ ಸೀರಮ್. ಎರಡೂ ಬೇಕು, ಒಂದು ಮಾಡಿ ಇನ್ನೊಂದು ಬಿಟ್ಟರೆ ಉಪಯೋಗ ಇಲ್ಲ. ಕೋಶಗಳನ್ನು ಈ ಮೀಡಿಯಾದಲ್ಲಿ ಎರಡು ಮೂರು ದಿನ ಹಸಿದಿರಲು ಬಿಟ್ಟು ಆಮೇಲೆ ಹಾರ್ಮೋನ್ ಕೊಡಿ. 10 ನ್ಯಾನೋಮೋಲಾರ್ ಈಸ್ಟ್ರಡಯಾಲ್ ಸಾಕು. ಎಥನಾಲ್ 0.1 ಶೇಕಡಾ ದಾಟದಿರಲಿ.

ಪ್ಲಾಸ್ಟಿಕ್ಕನ್ನೂ ಒಮ್ಮೆ ನೋಡಿ. 1991ರಲ್ಲಿ ಬಾಸ್ಟನ್‌ನ ಸೋಟೊ ಮತ್ತು ಸೋನೆನ್‌ಶೈನ್ ಅವರ ಲ್ಯಾಬ್‌ನಲ್ಲಿ ಏನೂ ಹಾಕದ ಕೋಶಗಳೂ ಬೆಳೆಯತೊಡಗಿದವು. ಹುಡುಕಿದರೆ, ಪ್ಲಾಸ್ಟಿಕ್ ಟ್ಯೂಬಿನಿಂದ ಈಸ್ಟ್ರೋಜನ್‌ನಂತೆ ವರ್ತಿಸುವ ನೊನೈಲ್‌ಫೀನಾಲ್ ಸೋರುತ್ತಿತ್ತು. 1993ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕಾಯಿಸಿದ) ಪಾಲಿಕಾರ್ಬನೇಟ್ ಫ್ಲಾಸ್ಕ್‌ನಿಂದ ಅಂಥದ್ದೇ ಇನ್ನೊಂದು ವಸ್ತು ಬಿಪಿಎ ಬರುವುದನ್ನು ಕಂಡರು. ನೀರನ್ನು ಗಾಜಿನ ಬಾಟಲಿಯಲ್ಲೇ ಆಟೋಕ್ಲೇವ್ ಮಾಡಿ ಅಂತ ಹಿರಿಯರು ಗದರುವುದು ಸುಮ್ನೆ ಅಲ್ಲ.

ಪ್ರತಿ ಪ್ಲೇಟ್‌ನಲ್ಲೂ ಎಂಸಿಎಫ್-7 ಒಂದು ಸಾಲು ಇರಲಿ. ಅದು ಈಸ್ಟ್ರೋಜನ್‌ಗೆ ಖಂಡಿತ ಸ್ಪಂದಿಸುವ ಕೋಶ. ಅದೂ ಅಲುಗದಿದ್ದರೆ ತಪ್ಪು ನಿಮ್ಮ ಅಡುಗೆಯದ್ದು, ಅಂಡಾಶಯದ ಕೋಶದ್ದಲ್ಲ. ಆರು ದಿನ ಕಾಯುವ ಮೊದಲು 24 ಗಂಟೆಯಲ್ಲೇ, ಈಸ್ಟ್ರೋಜನ್‌ಗೆ ಎಚ್ಚರವಾಗುವ ಪಿಜಿಆರ್, ಟಿಎಫ್‌ಎಫ್1, ಗ್ರೆಬ್1 ಜೀನ್‌ಗಳ ಆರ್‌ಎನ್‌ಎ ಏರಿತಾ ನೋಡಿ. ಗಂಟೆ ಬಾರಿಸುತ್ತಾ ಇಲ್ವಾ ಅಂತ ಮರುದಿನವೇ ಗೊತ್ತಾಗುತ್ತದೆ.

ಯಾವ ಮದ್ದು ಹಾಕಬೇಕು?

ಟಮಾಕ್ಸಿಫೆನ್ ಬೇಡ, ಅದರ 4-ಹೈಡ್ರಾಕ್ಸಿ ರೂಪ ತೆಗೆದುಕೊಳ್ಳಿ. ದೇಹದಲ್ಲಿ ಈ ಬದಲಾವಣೆ ಮಾಡುವುದು ಲಿವರ್, ನಿಮ್ಮ ಪ್ಲೇಟ್‌ನಲ್ಲಿ ಲಿವರ್ ಇಲ್ಲ. ಫುಲ್ವೆಸ್ಟ್ರಾಂಟ್ ಇನ್ನೂ ನೇರ, ಇಆರ್ ಆಲ್ಫಾವನ್ನೇ ನಾಶ ಮಾಡುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಂಡ್ ಮಾಯವಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಕೋಶದ ಪೊರೆಗಳಲ್ಲಿರುವ ಜಿಪಿಇಆರ್ ಎಂಬ ಇನ್ನೊಂದು ಈಸ್ಟ್ರೋಜನ್ ರಿಸೆಪ್ಟರ್‌ಗೆ ಈ ಎರಡೂ ಮದ್ದು ತಡೆಯಲ್ಲ, ಚಾಲನೆ. "ಫುಲ್ವೆಸ್ಟ್ರಾಂಟ್ ಹಾಕಿದರೂ ಬೆಳೀತಿದೆ" ಅಂದರೆ ಮೊದಲು ಆ ಕಡೆ ನೋಡಿ.

ಪ್ರೊಜೆಸ್ಟರಾನ್ ಕೆಲಸ ಕಷ್ಟದ್ದು. ಹೆಚ್ಚಿನ ಲೈನ್‌ಗಳು ಆ ರಿಸೆಪ್ಟರ್ ಕಳೆದುಕೊಂಡಿರುತ್ತವೆ. ಇದ್ದರೂ ಮಿಫೆಪ್ರಿಸ್ಟೋನ್ ಬಳಸುವಾಗ ಎಚ್ಚರ, ಅದು ಕಾರ್ಟಿಸಾಲ್‌ನ ರಿಸೆಪ್ಟರನ್ನೂ ಕಟ್ಟಿಹಾಕುತ್ತದೆ.

ಈಸ್ಟ್ರೋಜನ್ ರಿಸೆಪ್ಟರ್‌ನ ಇನ್ನೊಂದು ರೂಪವಾದ ಇಆರ್ ಬೀಟಾ ಬಗ್ಗೆ ಒಂದೇ ಮಾತು. 2017ರಲ್ಲಿ ಅದನ್ನು ಗುರುತಿಸಲು ಬಳಸುವ 13 ಆಂಟಿಬಾಡಿಗಳನ್ನು ಪರೀಕ್ಷಿಸಿದಾಗ ನಂಬಬಹುದಾದದ್ದು ಒಂದೇ ಅಂತ ಗೊತ್ತಾಯಿತು. ಅದರ ಹೆಸರು ಪಿಪಿಝಡ್0506. ಬೇರೆ ಆಂಟಿಬಾಡಿ ಹಿಡಿದು ಬೀಟಾ ಕಂಡೆ ಅನ್ನುವ ಪ್ರಬಂಧವನ್ನು ನಾನು ಅರ್ಧಕ್ಕೇ ಮುಚ್ಚುತ್ತೇನೆ.

ಕೊನೆಗೆ ಯಾವುದು?

ಈಸ್ಟ್ರೋಜನ್‌ನಿಂದ ಬೆಳವಣಿಗೆ ನೋಡಬೇಕು, ಎರಡು ಮೂರು ವರ್ಷ ಸಮಯ ಇದೆ ಅಂದರೆ ಪಿಇಓ4 ಮತ್ತು ಪಿಇಓ14 ಜೋಡಿ. ಆಂಡ್ರೋಜನ್ ಆದರೆ ಓವ್‌ಕಾರ್-3, ಇನ್ಸುಲಿನ್ ಇಲ್ಲದೆ. ಎಫ್‌ಎಸ್‌ಎಚ್, ಆರೋಮಟೇಸ್, ಲೆಟ್ರೊಜೋಲ್ ಆದರೆ ಕೆಜಿಎನ್. ಲೋ ಗ್ರೇಡ್ ಸೀರಸ್‌ಗೆ ಮೇಲಿನ ಯಾವುದೂ ಸರಿಹೊಂದುವುದಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಬೆಳೆಸಿದ ವಿಓಎ ಲೈನ್‌ಗಳಿವೆ, ಅಲ್ಲಿನವರಿಗೆ ಬರೆದು ಕೇಳಬೇಕು.

ಇನ್ನು ನಿಮ್ಮದು ಮೂರು ತಿಂಗಳ ಪ್ರಾಜೆಕ್ಟ್, ಲ್ಯಾಬ್‌ನಲ್ಲಿ ಸ್ಕೋವ್-3 ಬಿಟ್ಟರೆ ಬೇರೇನೂ ಇಲ್ಲ ಅಂದುಕೊಳ್ಳೋಣ. ಆಗ ಲೈನ್ ಬದಲಿಸಲು ಆಗಲ್ಲ, ಪ್ರಶ್ನೆ ಬದಲಿಸಿ. "ಈಸ್ಟ್ರೋಜನ್ ಬೆಳೆಸುತ್ತಾ?" ಬಿಡಿ. "ಇಆರ್ ಆಲ್ಫಾ ಕೆಲಸ ಮಾಡದ ಕೋಶದಲ್ಲಿ ಜಿಪಿಇಆರ್ ಏನು ಮಾಡುತ್ತೆ?" ಅಂತ ಕೇಳಿ. ಈಸ್ಟ್ರಡಯಾಲ್ ಬದಲು ಜಿಪಿಇಆರ್ ಅನ್ನು ಮಾತ್ರ ಎಬ್ಬಿಸುವ ಜಿ-1 ತರಿಸಿ. ಮತ್ತೆ ಗೈಡ್ ಹತ್ತಿರ ಹೋಗಿ ಸಿನಾಪ್ಸಿಸ್ ತಿದ್ದಿಸಿಕೊಳ್ಳಿ, ಸಹಿ ಆಗುವ ಮೊದಲೇ.